ಹೊಸಬರಿಗೆ ಮಾರ್ಗದರ್ಶಿ: ಫ್ರಾಂಕ್‌ಫರ್ಟಿನ ಅಡುಗೆಮನೆಯಲ್ಲಿ ಮಸಾಲೆ ಡಬ್ಬಿ

ಈ ಭಾಗವನ್ನು ಬರೆದವರು ಪಾಕಶಾಸ್ತ್ರದ ಪಂಡಿತರಲ್ಲ. ಒಂದು ನವೆಂಬರ್ ತಿಂಗಳಲ್ಲಿ ನಾಲ್ಕು ಸೂಟ್‌ಕೇಸು ಮತ್ತು ಒಂದು ಕೈಗೂಸಿನೊಂದಿಗೆ ಫ್ರಾಂಕ್‌ಫರ್ಟಿಗೆ ಬಂದಿಳಿದು, ಮೊದಲ ಮೂರು ತಿಂಗಳು ಸಾರು ಏಕೆ ಸಾರಿನಂತಿಲ್ಲ ಎಂದು ತಲೆ ಕೆಡಿಸಿಕೊಂಡವರು. ಸಾರು, ಹುಳಿ, ಪಲ್ಯ ಮಾಡುವ ಕ್ರಮವನ್ನು ಇಲ್ಲಿ ಹೇಳಿಲ್ಲ. ಅದು ನಿಮಗೆ ಗೊತ್ತೇ ಇದೆ, ಗೊತ್ತಿಲ್ಲದಿದ್ದರೆ ಅಮ್ಮನಿಗೆ ಫೋನ್ ಮಾಡಿ ಕೇಳುವುದೇ ಸರಿ. ಊರಿನಲ್ಲಿ ಕಣ್ಣು ಮುಚ್ಚಿ ಮಾಡುತ್ತಿದ್ದದ್ದು ಇಲ್ಲಿ ಏಕೆ ಕೈಕೊಡುತ್ತದೆ ಎಂಬುದಷ್ಟೇ ನಮ್ಮ ವಿಷಯ.

ಜೀರಿಗೆ ಎಂದು ತಂದದ್ದು ಜೀರಿಗೆಯಲ್ಲ

ಮೊದಲು ಜೀರಿಗೆಯ ಮಾತು, ಏಕೆಂದರೆ ನಾವು ಕೆಟ್ಟದ್ದು ಇಲ್ಲಿಯೇ. ಸೂಪರ್ ಮಾರ್ಕೆಟ್ಟಿನ ಮಸಾಲೆಯ ಸಾಲಿನಲ್ಲಿ ‘ಕ್ಯುಮೆಲ್’ ಎಂದು ಬರೆದ ಪೊಟ್ಟಣ ಕಣ್ಣಿಗೆ ಬೀಳುತ್ತದೆ. ಕಾಳು ನೋಡಲು ಜೀರಿಗೆಯಂತೆಯೇ ಇರುತ್ತದೆ, ಬೆಲೆಯೂ ಕಡಿಮೆ, ಹೆಸರೂ ಇಂಗ್ಲಿಷಿನ ಕ್ಯುಮಿನ್ ಅನ್ನು ನೆನಪಿಸುತ್ತದೆ. ಅದು ಜೀರಿಗೆಯಲ್ಲ. ಇಲ್ಲಿಯವರು ಹುದುಗಿಸಿದ ಎಲೆಕೋಸಿಗೂ ರೈ ಬ್ರೆಡ್ಡಿಗೂ ಹಂದಿಮಾಂಸದ ಹುರಿಗೂ ಹಾಕುವ ಬೇರೆಯೇ ಕಾಳು. ತುಸು ಬಾಗಿದ್ದು, ಬಣ್ಣ ಗಾಢ, ಅಗಿದರೆ ಸೋಂಪಿನ ಕಡೆಗೆ ವಾಲುವ ಘಮ. ಅದನ್ನು ತುಪ್ಪದಲ್ಲಿ ಸಿಡಿಸಿ ಸಾರಿಗೆ ಹಾಕಿ, ನೀರಿನ ದೋಷವೆಂದು ಸೋಸುವ ಪಾತ್ರೆ ಕೊಂಡು, ಬೇಳೆಯ ದೋಷವೆಂದು ಅಂಗಡಿ ಬದಲಿಸಿ, ಕೊನೆಗೆ ಊರಿನಿಂದ ಬಂದ ಅತ್ತೆಯವರು ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿದಾಗ ನಮಗೆ ಸತ್ಯ ತಿಳಿಯಿತು.

ನಿಮಗೆ ಬೇಕಾದದ್ದು ‘ಕ್ರೊಯ್ತ್ಸ್‌ಕ್ಯುಮೆಲ್’. ತುರ್ಕಿ ಅಂಗಡಿಗಳಲ್ಲಿ ಅದೇ ‘ಕಿಮ್ಯೋನ್’ ಆಗುತ್ತದೆ. ಅಲ್ಲಿ ಪುಡಿಯೇ ಹೆಚ್ಚು, ಆದುದರಿಂದ ಕಾಳನ್ನೇ ಕೇಳಿ ಪಡೆಯಬೇಕು. ‘ಶ್ವಾರ್ತ್ಸ್‌ಕ್ಯುಮೆಲ್’ ಎಂದರೆ ಮೂರನೆಯ ಒಂದು ವಸ್ತು, ನಮ್ಮ ಕೃಷ್ಣ ಜೀರಿಗೆ. ಈ ಮೂರು ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಂಡು ಪರ್ಸಿನಲ್ಲಿ ಇಟ್ಟುಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಇಂಜಿನಿಯರುಗಳೇ ಹೆಚ್ಚಾಗಿ ತಪ್ಪು ಪೊಟ್ಟಣ ತರುವುದನ್ನು ನಾವು ಕಂಡಿದ್ದೇವೆ.

ಉಳಿದ ಹೆಸರುಗಳು ಚುಟುಕಾಗಿ

ಕೊತ್ತಂಬರಿ ಬೀಜ ‘ಕೊರಿಯಾಂಡರ್’, ಅರಿಸಿನ ‘ಕುರ್ಕುಮಾ’, ಮೆಂತ್ಯ ‘ಬೊಕ್ಸ್‌ಹೋರ್ನ್‌ಕ್ಲೇ’, ಲವಂಗ ‘ನೆಲ್ಕೆನ್’, ಚಕ್ಕೆ ‘ತ್ಸಿಮ್ಟ್’, ಸೋಂಪು ‘ಫೆನ್ಶೆಲ್’.

‘ಪಿಮೆಂಟ್’ ಎಂಬುದು ಮೆಣಸಿನಕಾಯಿಯೂ ಅಲ್ಲ, ಕಾಳುಮೆಣಸೂ ಅಲ್ಲ, ಇಂಗ್ಲಿಷಿನಲ್ಲಿ ಆಲ್‌ಸ್ಪೈಸ್ ಎನ್ನುವ ಬೇರೆಯೇ ಕಾಳು.

‘ಮೋನ್’ ಎಂದರೆ ಗಸಗಸೆ. ಆದರೆ ಇಲ್ಲಿಯದು ನೀಲಿ, ಪಾಯಸಕ್ಕೆ ಬೇಕಾದ ಬಿಳಿಯದು ಇಂಡಿಯನ್ ಅಂಗಡಿಯಲ್ಲಿ ಮಾತ್ರ.

‘ಝೆನ್ಫ್‌ಕ್ಯೋರ್ನರ್’ ಎಂದು ಸಿಗುವ ಸಾಸಿವೆ ಸಾಮಾನ್ಯವಾಗಿ ಹಳದಿಯ ದಪ್ಪ ಕಾಳು. ಒಗ್ಗರಣೆಗೆ ನಮ್ಮ ಸಣ್ಣ ಕರಿ ಸಾಸಿವೆಯೇ ಆಗಬೇಕು.

‘ಲೋರ್ಬೇರ್’ ಎಲೆ ನಮ್ಮ ಪಲಾವ್ ಎಲೆಯಲ್ಲ, ಬೇರೆ ಮರದ್ದು. ನಮ್ಮದರಲ್ಲಿ ಉದ್ದಕ್ಕೆ ಮೂರು ನರಗಳಿದ್ದರೆ ಅದರಲ್ಲಿ ನಡುವೆ ಒಂದೇ ನರ.

ಇಂಗಿಗೆ ಇಲ್ಲಿಯ ಭಾಷೆಯಲ್ಲಿರುವ ಹೆಸರು ‘ಟಾಯ್ಫೆಲ್ಸ್‌ಡ್ರೆಕ್’, ಅಂದರೆ ಸೈತಾನನ ಹೊಲಸು. ಕೇಳಿದಾಗ ಕೋಪ ಬರುವುದು ಸಹಜ, ಆದರೆ ಔಷಧಿ ಅಂಗಡಿಯ ಹಿರಿಯರಿಗೆ ಆ ಹೆಸರೇ ಅರ್ಥವಾಗುತ್ತದೆ. ಡಬ್ಬಿಯ ಪುಡಿ ಇಂಗಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಗೋಧಿ ಒಗ್ಗದ ಅತಿಥಿಗಳನ್ನು ಊಟಕ್ಕೆ ಕರೆದಾಗ, ಅನ್ನ ಸಾರು ತಾನೇ ಎಂದು ನಿಶ್ಚಿಂತರಾಗಬೇಡಿ, ಡಬ್ಬಿಯ ಹಿಂಬದಿಯನ್ನು ಓದಿ.

ಎಷ್ಟು ತರಬೇಕು, ಎಲ್ಲಿ ಇಡಬೇಕು

ಪ್ರತಿ ಬೇಸಿಗೆಯ ರಜೆಯ ನಂತರ ಐದೈದು ಕಿಲೋ ಸಾರಿನ ಪುಡಿ ಹೊತ್ತು ಬರುವ ಕುಟುಂಬಗಳಿಗೆ ನಾವು ಪ್ರೀತಿಯಿಂದಲೇ ಹೇಳುತ್ತೇವೆ: ದಯವಿಟ್ಟು ಬೇಡ. ಪುಡಿಯಾದ ಕ್ಷಣದಿಂದ ಮಸಾಲೆಯ ಎಣ್ಣೆಯಂಶ ಗಾಳಿಗೆ ಹಾರುತ್ತಾ ಹೋಗುತ್ತದೆ. ಆರು ತಿಂಗಳ ನಂತರ ನಿಮ್ಮ ಡಬ್ಬಿಯಲ್ಲಿ ಉಳಿಯುವುದು ಬಣ್ಣ ಮತ್ತು ತಾಯಿಯ ಮೇಲಿನ ಅಭಿಮಾನ. ಇಡೀ ಕಾಳು ವರ್ಷ ಕಳೆದರೂ ಬಹುಮಟ್ಟಿಗೆ ಗಟ್ಟಿಯಾಗಿರುತ್ತದೆ. ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ, ಕಾಳುಮೆಣಸು ಇಲ್ಲಿಯೇ ಚೆನ್ನಾಗಿ ಸಿಗುವುದರಿಂದ ಸೂಟ್‌ಕೇಸಿನ ಜಾಗವನ್ನು ಇಲ್ಲಿ ಸಿಗದದ್ದಕ್ಕೆ ಉಳಿಸಿಕೊಳ್ಳಿ: ಬ್ಯಾಡಗಿ ಮೆಣಸಿನಕಾಯಿ, ಮರಾಠಿ ಮೊಗ್ಗು, ಗಟ್ಟಿ ಇಂಗು, ಉತ್ತರ ಕರ್ನಾಟಕದವರಾದರೆ ಗುರೆಳ್ಳು, ಕೊಡಗಿನವರಾದರೆ ಕಾಚಂಪುಳಿ. ಕರಾವಳಿಯವರ ಜುಮ್ಮನಕಾಯಿಗೆ ಚೀನೀ ಅಂಗಡಿಯ ಸಿಚುವಾನ್ ಮೆಣಸು ಹತ್ತಿರದ ಬಂಧು; ನಾಲಿಗೆ ಜುಮ್ಮೆನ್ನುವುದರಲ್ಲಿ ಎರಡಕ್ಕೂ ಭೇದವಿಲ್ಲ.

ಬ್ಯಾಡಗಿಯ ವಿಷಯದಲ್ಲಿ ಸ್ವಲ್ಪ ಹೆಮ್ಮೆ ಪಡುವುದಕ್ಕೆ ಕ್ಷಮೆ ಇರಲಿ. ಹಾವೇರಿ ಜಿಲ್ಲೆಯ ಈ ಸುಕ್ಕು ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಅದರ ಗುಣವಿಲ್ಲದೆ ನಮ್ಮ ಹುಳಿಪುಡಿಗೆ ಮೈಬಣ್ಣವೇ ಬರುವುದಿಲ್ಲ. ಅದು ಮುಗಿದಾಗ ಇಂಡಿಯನ್ ಅಂಗಡಿಯ ಕಾಶ್ಮೀರಿ ಮೆಣಸಿನಕಾಯಿ ನಡೆಯುತ್ತದೆ. ಅದೂ ಇಲ್ಲದ ಊರುಗಳಲ್ಲಿರುವವರು ‘ಪಾಪ್ರಿಕಾ ಏಡೆಲ್‌ಝ್ಯೂಸ್’ ಎಂಬ ಸಿಹಿ ಕೆಂಪು ಪುಡಿ ಎರಡು ಪಾಲು, ಖಾರದ ಪುಡಿ ಒಂದು ಪಾಲು ಬೆರೆಸಿ ದಿನ ದೂಡಬಹುದು. ಆದರೆ ಆ ಪುಡಿ ಬಿಸಿ ಎಣ್ಣೆಯಲ್ಲಿ ಬೇಗ ಸೀಯುವುದರಿಂದ ಒಲೆ ಆರಿಸಿದ ಮೇಲೆ ಹಾಕಬೇಕು.

ಒಣಮೆಣಸಿನಕಾಯಿಯನ್ನೂ ಮನೆಯ ಪುಡಿಗಳನ್ನೂ ಗಾಳಿಯಾಡದ ಡಬ್ಬಿಗಳಲ್ಲಿ ಫ್ರೀಜರಿನಲ್ಲಿ ಇಡಿ. ಹೊರತೆಗೆದ ಮೇಲೆ ಡಬ್ಬಿ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ತೆಗೆಯಬೇಡಿ, ತೆಗೆದರೆ ಒಳಗೆ ನೀರು ಕಟ್ಟುತ್ತದೆ. ಒಲೆಯ ಮೇಲಿನ ಕಪಾಟು ಕೈಗೆ ಸುಲಭವೆಂದು ಎಲ್ಲರೂ ಮಸಾಲೆಯನ್ನು ಅಲ್ಲಿಯೇ ಜೋಡಿಸುತ್ತಾರೆ, ಆದರೆ ಇಡೀ ಮನೆಯಲ್ಲಿ ಮಸಾಲೆಗೆ ಅದಕ್ಕಿಂತ ಕೆಟ್ಟ ಜಾಗವಿಲ್ಲ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ ಎಂಬುದನ್ನು ಮರೆತು, ಶನಿವಾರ ರಾತ್ರಿ ಸಾಸಿವೆ ಮುಗಿದಿದೆ ಎಂದು ಇಲ್ಲಿಯ ನಮ್ಮ ಕನ್ನಡಿಗರ ಸಂಘದ ಗುಂಪಿಗೆ ಸಂದೇಶ ಕಳುಹಿಸುವವರ ಸಂಖ್ಯೆ ಈಗಾಗಲೇ ಸಾಕಷ್ಟಿದೆ.

ಸೂಟ್‌ಕೇಸಿನಲ್ಲಿ ಬರಬಾರದ್ದು

2019ರ ಡಿಸೆಂಬರ್ 14ರಿಂದ ಯೂರೋಪಿನ ಒಕ್ಕೂಟದೊಳಗೆ ಹಸಿ ಸೊಪ್ಪು, ತರಕಾರಿ, ಹಣ್ಣುಗಳನ್ನು ಸಸ್ಯ ಆರೋಗ್ಯ ಪ್ರಮಾಣಪತ್ರವಿಲ್ಲದೆ ತರುವಂತಿಲ್ಲ. ಆದುದರಿಂದ ಹಿತ್ತಲಿನ ಕರಿಬೇವು ಹಿತ್ತಲಿನಲ್ಲಿಯೇ ಇರಲಿ. ವಿನಾಯಿತಿ ಇರುವ ಐದು ಹಣ್ಣುಗಳಲ್ಲಿ ಬಾಳೆ, ತೆಂಗು ಎರಡೂ ಇರುವುದು ನಮ್ಮ ಪುಣ್ಯ. ಹಾಲಿನ ಪದಾರ್ಥಕ್ಕೂ ನಿಷೇಧವಿದೆ. ತುಪ್ಪವೂ ಅದರಲ್ಲಿ ಸೇರಿತು. ದುಬೈ ಮಾರ್ಗವಾಗಿ ಬರುವವರು ಗಸಗಸೆಯನ್ನು ಖಂಡಿತ ಹೊತ್ತು ತರಬಾರದು, ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಅದು ಮಾದಕ ವಸ್ತುವಿನ ಲೆಕ್ಕಕ್ಕೆ ಬರುತ್ತದೆ.

ಒಗ್ಗರಣೆ, ಹೊಗೆ, ನೆರೆಹೊರೆ

ಇಲ್ಲಿಯ ಬಹುತೇಕ ಮನೆಗಳಲ್ಲಿ ಗ್ಯಾಸ್ ಒಲೆ ಇರುವುದಿಲ್ಲ. ಗಾಜಿನ ಹಾಸಿನ ವಿದ್ಯುತ್ ಒಲೆಯನ್ನು ಆರಿಸಿದ ಮೇಲೂ ಅದು ಕೆಲವು ನಿಮಿಷ ಕಾದೇ ಇರುತ್ತದೆ. ಊರಿನ ಲೆಕ್ಕದಲ್ಲಿ ಸಾಸಿವೆ ಸಿಡಿದ ಮೇಲೆ ಆರಿಸಿದರೆ ಸಾಸಿವೆ ಕಪ್ಪಾಗುತ್ತದೆ, ಮೆಣಸಿನಕಾಯಿ ಸೀದು ಹೋಗುತ್ತದೆ. ಸೌಟನ್ನೇ ಒಲೆಯಿಂದ ಎತ್ತಿ ಪಕ್ಕಕ್ಕೆ ಇಡಬೇಕು. ಇಂಡಕ್ಷನ್ ಒಲೆಯಲ್ಲಿ ಅಲ್ಯೂಮಿನಿಯಂ ಸೌಟು ಕಾಯುವುದೇ ಇಲ್ಲ, ಗುಂಡು ತಳದ ಪುಟ್ಟ ಕಬ್ಬಿಣದ ಸೌಟನ್ನು ಒಲೆ ಹಲವು ಬಾರಿ ಗುರುತಿಸುವುದೂ ಇಲ್ಲ. ಚಪ್ಪಟೆ ತಳದ ಸಣ್ಣ ಉಕ್ಕಿನ ಪಾತ್ರೆಯೊಂದನ್ನು, ಅಯಸ್ಕಾಂತ ಹಿಡಿಯುತ್ತದೆಯೇ ಎಂದು ಪರೀಕ್ಷಿಸಿ, ಒಗ್ಗರಣೆಗೆಂದೇ ಮೀಸಲಿಡಿ.

ಫ್ರಾಂಕ್‌ಫರ್ಟ್ ಇರುವ ಹೆಸ್ಸನ್ ರಾಜ್ಯದ ಮನೆಗಳಲ್ಲಿ ಮಲಗುವ ಕೋಣೆಗೂ ಹೊರಹೋಗುವ ಓಣಿಗೂ ಹೊಗೆ ಸೂಚಕ ಕಡ್ಡಾಯ. ನಮ್ಮ ಮೊದಲ ಡಿಸೆಂಬರಿನಲ್ಲಿ ಹುಳಿಪುಡಿಗೆ ಮೆಣಸಿನಕಾಯಿ ಹುರಿಯುತ್ತಿದ್ದಾಗ ಓಣಿಯ ಸೂಚಕ ಕಿರುಚತೊಡಗಿತು, ಗಾಬರಿಯಲ್ಲಿ ಮನೆಯ ಮುಂಬಾಗಿಲನ್ನು ತೆರೆದುಬಿಟ್ಟೆವು. ಘಾಟು ನಾಲ್ಕು ಅಂತಸ್ತಿನ ಮೆಟ್ಟಿಲುಗಳಿಗೂ ಹರಡಿ, ಎದುರು ಮನೆಯ ಅಜ್ಜಿ ಕೆಮ್ಮುತ್ತಾ ಬಂದು, ಬೆರಳಿನಿಂದ ನಮ್ಮ ಕಿಟಕಿಯನ್ನು ತೋರಿಸಿ, ‘ಲ್ಯುಫ್ಟೆನ್’ ಎಂಬ ಒಂದೇ ಮಾತು ಹೇಳಿ ಹೋದರು. ಗಾಳಿಯನ್ನು ಹೊರಗೆ ಬಿಡಬೇಕಾದದ್ದು ಕಿಟಕಿಯಿಂದ, ಮುಂಬಾಗಿಲಿನಿಂದ ಅಲ್ಲ ಎಂಬುದು ಈ ದೇಶದ ದೊಡ್ಡ ಧರ್ಮಸೂತ್ರಗಳಲ್ಲಿ ಒಂದು. ಅಡುಗೆಮನೆಯ ಬಾಗಿಲು ಮುಚ್ಚಿ, ಕಿಟಕಿಯನ್ನು ಪೂರ್ತಿ ತೆರೆದು, ಮೆಣಸಿನಕಾಯಿಗೆ ಎರಡು ಹನಿ ಎಣ್ಣೆ ಸವರಿ ಸಣ್ಣ ಉರಿಯಲ್ಲಿ ಹುರಿದರೆ ಘಾಟು ತಗ್ಗುತ್ತದೆ. ಓವನ್ನಿನಲ್ಲಿ 100 ಡಿಗ್ರಿಗೆ ಸುಮಾರು ಹತ್ತು ನಿಮಿಷ ಇಟ್ಟು ಗರಿಗರಿ ಮಾಡಿಕೊಳ್ಳುವುದು ಇನ್ನೂ ಸುಲಭ. ಹಾಗೆಂದು ವಾಸನೆಗೆ ಹೆದರಿ ಒಗ್ಗರಣೆಯನ್ನೇ ಬಿಟ್ಟು, ‘ಕರಿ ಪುಲ್ವರ್’ ಎಂಬ ಹಳದಿ ಪುಡಿಗೆ ಶರಣಾದ ಒಂದೆರಡು ಮನೆಗಳ ಹುಳಿ ಉಂಡು ನಾವು ಮೌನವಾಗಿ ಎದ್ದು ಬಂದಿದ್ದೇವೆ.

ಊರಿನ ಮಿಕ್ಸಿ ಇಲ್ಲಿ ಧಾರಾಳವಾಗಿ ನಡೆಯುತ್ತದೆ. ಇಲ್ಲಿಯೂ 230 ವೋಲ್ಟ್, 50 ಹರ್ಟ್ಸ್; ಅರ್ತ್ ಇರುವ ಒಳ್ಳೆಯ ಅಡಾಪ್ಟರ್ ಮಾತ್ರ ಬೇಕು. ರಾತ್ರಿ ಹತ್ತರ ನಂತರ ಮತ್ತು ಭಾನುವಾರ ಅದನ್ನು ಮುಟ್ಟಬೇಡಿ.

ಸೊಪ್ಪುಗಳು

ಕೊತ್ತಂಬರಿ ಸೊಪ್ಪೆಂದು ‘ಪೇಟರ್‌ಝೀಲಿಯೆ’ ಎಂಬ ಚಪ್ಪಟೆ ಎಲೆಯ ಸೊಪ್ಪನ್ನು ತಂದವರು ನಮ್ಮಲ್ಲಿ ಅನೇಕರು. ಒಂದು ಎಲೆ ಉಜ್ಜಿ ಮೂಸಿದರೆ ಸಂದೇಹ ಹರಿಯುತ್ತದೆ. ತುರ್ಕಿ ಅಂಗಡಿಯ ದಪ್ಪ ಕಟ್ಟು ಸೂಪರ್ ಮಾರ್ಕೆಟ್ಟಿನ ಪುಟ್ಟ ಕುಂಡಕ್ಕಿಂತ ಲಾಭ. ಸಬ್ಬಸಿಗೆ ಸೊಪ್ಪಿಗೆ ಮಾತ್ರ ಇದು ಸ್ವರ್ಗ. ‘ಡಿಲ್’ ಎಂಬ ಹೆಸರಿನಲ್ಲಿ ಎಲ್ಲೆಡೆ ಸಿಗುತ್ತದೆ, ಇಲ್ಲಿಯವರು ಅದನ್ನು ಸೌತೆಕಾಯಿಗೂ ಮೀನಿಗೂ ಹಾಕುತ್ತಾರೆ, ನಾವು ಅಕ್ಕಿರೊಟ್ಟಿಗೆ ಹಾಕೋಣ. ಮೆಂತ್ಯ ಸೊಪ್ಪು ಅಪರೂಪ, ಆದರೆ ಮೆಂತ್ಯ ಕಾಳನ್ನು ರಾತ್ರಿ ನೆನೆಸಿ ಮಣ್ಣಿನ ತಟ್ಟೆಯಲ್ಲಿ ಚೆಲ್ಲಿದರೆ ಮೂರು ನಾಲ್ಕು ವಾರದಲ್ಲಿ ಕಿಟಕಿಯ ಬಳಿಯೇ ಒಂದು ಹಿಡಿ ಕೊಯ್ಯಬಹುದು. ಕರಿಬೇವು ಸಿಕ್ಕಿದಾಗ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ, ಕಡ್ಡಿಯಿಂದ ಬಿಡಿಸಿ ಫ್ರೀಜರಿಗೆ ಹಾಕಿ, ಕರಗಿಸದೆ ನೇರವಾಗಿ ಎಣ್ಣೆಗೆ ಬಿಡಿ.

ಈ ಊರಿನದೇ ಆದ ಒಂದು ಸೊಪ್ಪಿನ ಕಟ್ಟನ್ನು ನೀವು ನೋಡಲೇಬೇಕು. ವಸಂತದಲ್ಲಿ ‘ಕ್ಲೈನ್‌ಮಾರ್ಕ್ಟ್‌ಹಾಲೆ’ ಎಂಬ ಇಲ್ಲಿಯ ಮಾರುಕಟ್ಟೆಯಲ್ಲಿ ಏಳು ಬಗೆಯ ಸೊಪ್ಪುಗಳನ್ನು ಬಿಳಿ ಕಾಗದದಲ್ಲಿ ಸುತ್ತಿ ಮಾರುತ್ತಾರೆ. ಅದನ್ನು ಹಸಿಯಾಗಿ ಹೆಚ್ಚಿ ಹುಳಿಕೆನೆ ಅಥವಾ ಮೊಸರಿಗೆ ಬೆರೆಸಿ ತಣ್ಣಗೆ ಬಡಿಸುವ ‘ಗ್ರ್ಯೂನೆ ಝೋಸೆ’ ಫ್ರಾಂಕ್‌ಫರ್ಟಿನವರ ಅಭಿಮಾನದ ಪದಾರ್ಥ. 2016ರಿಂದ ಆ ಸೊಪ್ಪಿನ ಕಟ್ಟಿಗೂ ನಮ್ಮ ಬ್ಯಾಡಗಿಯಂತೆ ಭೌಗೋಳಿಕ ರಕ್ಷಣೆ ಇದೆ. ಮಲೆನಾಡಿನವರಿಗೆ ಇದು ತಂಬುಳಿಯಲ್ಲದೆ ಮತ್ತೇನು? ಅದೇ ಕಟ್ಟನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಳುಮೆಣಸು, ಕಾಯಿತುರಿಯೊಡನೆ ರುಬ್ಬಿ, ಮಜ್ಜಿಗೆಗೆ ಬೆರೆಸಿ ಮಾಡಿ ನೋಡಿ. ಅದರಲ್ಲಿರುವ ಹುಳಿ ಸೊಪ್ಪು ಪುಂಡಿಯನ್ನು ನೆನಪಿಸುತ್ತದೆ.

ನಿಜವಾದ ತಂಬುಳಿಯೇ ಬೇಕೆನ್ನುವವರಿಗೆ ದೊಡ್ಡಪತ್ರೆ ನಮ್ಮ ಸದಸ್ಯರ ಮನೆಗಳ ಕಿಟಕಿಗಳಲ್ಲಿ ಚಳಿಗಾಲ ಕಳೆಯುತ್ತಿದೆ. ಯುಗಾದಿಯ ಸಭೆಗೆ ಬರುವಾಗ ಒದ್ದೆ ಕಾಗದ ಮತ್ತು ಒಂದು ಚೀಲ ತನ್ನಿ, ಒಂದು ಕಡ್ಡಿ ಮುರಿದು ಕೊಡುತ್ತೇವೆ.