ಭಯದ ಕತೆ ಬರೆದೆ, ಅವಳನ್ನು ದೆವ್ವ ಮಾಡಲಿಲ್ಲ

ಬೆಳಗಾವಿಯಿಂದ ಐರ್ಲೆಂಡಿಗೆ ಹೋಗಿ ನೆಲೆಸಿದ್ದ ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್ 28ರಂದು ಗಾಲ್ವೇ ಊರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು 31. ಆಸ್ಪತ್ರೆ ಸೇರಿದಾಗ 17 ವಾರದ ಬಸುರಿ. ಮಗು ಉಳಿಯುವುದಿಲ್ಲ ಅಂತ ವೈದ್ಯರಿಗೂ ಗೊತ್ತಿತ್ತು. ಗರ್ಭ ತೆಗೆದುಬಿಡಿ ಅಂತ ಸವಿತಾ ಕೇಳಿದರು. ಭ್ರೂಣದ ಎದೆಬಡಿತ ಇನ್ನೂ ಇದೆ, ಆಗುವುದಿಲ್ಲ ಅಂದರು. ಅದು ನಿಲ್ಲುವ ಹೊತ್ತಿಗೆ ಅವರ ಮೈಗೆ ನಂಜೇರಿತ್ತು.

ನಾನು ಬರೆಯುವುದು ಭಯದ ಕತೆಗಳನ್ನು. ಈ ಸುದ್ದಿ ತುಂಬಾ ಕಾಲ ತಲೆಯಲ್ಲೇ ಕೂತಿತ್ತು.

ಬಸುರಿ ಸತ್ತರೆ, ಬಾಣಂತಿ ಸತ್ತರೆ ದೆವ್ವ ಆಗುತ್ತಾಳೆ ಅನ್ನುವ ಕತೆಗಳಿಗೆ ನಮ್ಮಲ್ಲಿ ಬರವಿಲ್ಲ. ಹುಣಸೆಮರ, ಬಿಚ್ಚಿದ ಕೂದಲು, ರಾತ್ರಿ ಕೇಳುವ ಮಗುವಿನ ಅಳು. ಆ ದಾರಿ ಬೇಡ ಅಂತ ಮೊದಲೇ ತೀರ್ಮಾನಿಸಿದೆ. ಹೆದರಿದ್ದು ಅವಳು. ಸತ್ತ ಮೇಲೆ ಅವಳ ಕೈಯಲ್ಲೇ ಬೇರೆಯವರನ್ನು ಹೆದರಿಸಿದರೆ ಅದು ಇನ್ನೊಂದು ಅನ್ಯಾಯ, ಅಲ್ವಾ? ಸವಿತಾರನ್ನಾಗಲಿ ಅವರ ಮನೆಯವರನ್ನಾಗಲಿ ಕತೆಗೆ ಎಳೆಯಲಿಲ್ಲ. ಜಾಗ ಮಾತ್ರ ಐರ್ಲೆಂಡ್ ಆಗಿಯೇ ಇರಲಿ ಅಂದುಕೊಂಡೆ. ಹುಬ್ಬಳ್ಳಿಯ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಂಡೆ.

ಹಾಗಾದರೆ ಭಯ ಎಲ್ಲಿಂದ ಬರಬೇಕು? ಐರ್ಲೆಂಡಿನ ಆಗಿನ ಗರ್ಭಪಾತ ನಿಷೇಧದ ಕಾನೂನಿನಿಂದಲೇ. ಗರ್ಭ ತೆಗೆಯಬೇಕಾದರೆ ತಾಯಿಯ ಆರೋಗ್ಯ ಕೆಟ್ಟರೆ ಸಾಲದು, ಜೀವಕ್ಕೇ ಅಪಾಯ ಬಂದಿರಬೇಕು. ಸಾವಿಗೆ ಎಷ್ಟು ಹತ್ತಿರ ಹೋದರೆ ಅಪಾಯ? ವೈದ್ಯರು ಆ ಲೆಕ್ಕ ಹಾಕುತ್ತಾ ಕಾಯುತ್ತಾರೆ. ನನ್ನ ಕತೆಯಲ್ಲಿ ಯಾರೂ ಗದರುವುದಿಲ್ಲ. ನರ್ಸ್ ತುಂಬಾ ಒಳ್ಳೆಯವಳು. ಚಳಿ ಅಂದರೆ ಇನ್ನೊಂದು ಹೊದಿಕೆ ತರುತ್ತಾಳೆ. ಆಮೇಲೆ ಹೊಟ್ಟೆಯ ಮೇಲೆ ಭ್ರೂಣದ ಎದೆಬಡಿತ ಕೇಳಿಸುವ ಡಾಪ್ಲರ್ ಯಂತ್ರ ಇಡುತ್ತಾಳೆ. ಕುದುರೆ ಓಡಿದ ಹಾಗೆ ಸದ್ದು. "ಇನ್ನೂ ಇದೆ" ಅಂತ ಬರೆದುಕೊಂಡು ಹೋಗುತ್ತಾಳೆ. ಪ್ರತಿ ಸಲವೂ ಆ ಸದ್ದನ್ನು ಅವೇ ಮಾತುಗಳಲ್ಲಿ ಬರೆದೆ. ನಡುವೆ ಜ್ವರದ ಅಂಕಿ ಮಾತ್ರ ಬದಲಾಗುತ್ತದೆ: 37.2, 38.4, 39.6. ಅಂಕಿ ಏರಿದಂತೆ ಅವಳ ವಾಕ್ಯಗಳು ಚಿಕ್ಕದಾಗುತ್ತವೆ, ಕೊನೆಗೆ ಒಂದೊಂದೇ ಪದ.

ನನಗೆ ಬರೆಯಲು ಜಾಸ್ತಿ ಕಷ್ಟವಾದದ್ದು ಫೋನ್ ಮಾತು. ಅವಳ ತಾಯಿಯನ್ನು ಹುಬ್ಬಳ್ಳಿಯ ಹೆರಿಗೆ ಆಸ್ಪತ್ರೆಯಲ್ಲಿ ದುಡಿದು ನಿವೃತ್ತಳಾದ ನರ್ಸ್ ಮಾಡಿದ್ದೆ. ನಮ್ಮಲ್ಲಿ 1971ರ ಗರ್ಭಪಾತ ಕಾನೂನು ಇದೆ. ಆಗ ಇಂಥ ಸ್ಥಿತಿಯಲ್ಲಿ 20 ವಾರದೊಳಗೆ ಇಬ್ಬರು ವೈದ್ಯರು ಒಪ್ಪಿದರೆ ಗರ್ಭ ತೆಗೆಯಬಹುದಿತ್ತು. ಆ ತಾಯಿಗೆ ಇದು ದಿನದ ಕೆಲಸ.

"ಇಬ್ಬರು ಡಾಕ್ಟರು ಸಹಿ ಹಾಕಿದ್ರ ಮುಗೀತಲ್ಲವಾ, ಯಾಕ ಕಾಯಾಕತ್ತಾರ?"

"ಅದರ ಎದಿ ಇನ್ನೂ ಬಡಕೊಳ್ಳಾಕತ್ತೈತಂತ, ಅವ್ವಾ."

"ಮತ್ತ ನಿಂದು?"

ಇಲ್ಲಿಗೆ ಫೋನ್ ಕಟ್. ಇದಾದ ಮೇಲೆ ಒಂದು ಸಾಲು ವಿವರಣೆಯನ್ನೂ ಸೇರಿಸಲಿಲ್ಲ.

"ಇದು ಕ್ಯಾಥೊಲಿಕ್ ದೇಶ" ಅಂತ ನರ್ಸ್ ಒಬ್ಬರು ಸವಿತಾರಿಗೆ ಹೇಳಿದ್ದರು. ಆಮೇಲೆ ನಡೆದ ವಿಚಾರಣೆಯಲ್ಲಿ ಅದನ್ನು ಒಪ್ಪಿಕೊಂಡರು ಕೂಡ. ಆ ಮಾತನ್ನು ಬೇಕೆಂದೇ ಬಿಟ್ಟೆ. ಅದು ಇದ್ದರೆ ನಮ್ಮ ಓದುಗರು "ಓ, ಅವರ ಧರ್ಮದ ಸಮಸ್ಯೆ" ಅಂತ ಪುಟ ತಿರುಗಿಸಿಬಿಡುತ್ತಾರೆ. ಹೆಣ್ಣಿನ ಒಡಲಿನ ತೀರ್ಮಾನ ಬೇರೆಯವರ ಕೈಗೆ ಹೋದರೆ ಏನಾಗುತ್ತದೆ ಅನ್ನುವುದು ಯಾವ ಧರ್ಮದವರಿಗೂ ದೂರದ ಮಾತಲ್ಲ.

ಕತೆ ಓದಿದ ಗೆಳತಿ, "ಅಲ್ಲಿ ಕಾನೂನು ಬದಲಾಯಿತಲ್ಲ, ಇದು ಹಳೆಯದಾಗಲ್ವಾ?" ಅಂದಳು. ನಿಜ, 2018ರ ಮೇ ತಿಂಗಳಲ್ಲಿ ಐರ್ಲೆಂಡಿನ ಜನ ಮತ ಹಾಕಿಯೇ ಆ ನಿಷೇಧವನ್ನು ಕಿತ್ತುಹಾಕಿದರು. ಶೇ. 66ಕ್ಕೂ ಹೆಚ್ಚು ಮತ. ಸವಿತಾರ ಚಿತ್ರವನ್ನು ಡಬ್ಲಿನ್‌ನ ಗೋಡೆಯ ಮೇಲೆ ಬಿಡಿಸಿ, ಪಕ್ಕದಲ್ಲಿ ಚೀಟಿ ಅಂಟಿಸಿ ಕ್ಷಮೆ ಕೇಳಿದರು. ಆದರೆ 2021ರಲ್ಲಿ ಪೋಲೆಂಡಿನಲ್ಲಿ 22 ವಾರದ ಬಸುರಿಯೊಬ್ಬಳು ಹೀಗೇ ನಂಜೇರಿ ಸತ್ತಳು. ಅಲ್ಲೂ ವೈದ್ಯರು ಎದೆಬಡಿತ ನಿಲ್ಲಲಿ ಅಂತ ಕಾಯುತ್ತಿದ್ದರು. ಮರುವರ್ಷ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1973ರಿಂದ ಇದ್ದ ಗರ್ಭಪಾತದ ಹಕ್ಕನ್ನು ತೆಗೆದುಹಾಕಿತು. ಕತೆಯಲ್ಲಿ ಇಸವಿ ಹಾಕಿ ಅಂತ ಸಂಪಾದಕರೂ ಕೇಳಿದ್ದರು. ಇದನ್ನೆಲ್ಲ ಅವರಿಗೆ ಹೇಳಿದೆ, ಇಸವಿ ಹಾಕಲಿಲ್ಲ.