ಅಪ್ಪ ಅಮ್ಮನ ಆರೈಕೆಯ ಲೆಕ್ಕ ಹಾಕಿದ್ದು ಹೀಗೆ

ಹಿರಿಯರ ವಸತಿ ಸಮುಚ್ಚಯಕ್ಕೆ ಹೋಗುವುದು ಅಂತ ಅಪ್ಪ ಅಮ್ಮ ತೀರ್ಮಾನಿಸಿದಾಗ ಲೆಕ್ಕದ ಕೆಲಸ ನನ್ನ ಪಾಲಿಗೆ ಬಂತು. ನೋಡಿದ ಕಡೆಯೆಲ್ಲ ಮೊದಲು ತೋರಿಸುವುದು ಮನೆ, ಕೈತೋಟ, ಊಟದ ಹಾಲ್. ಕೈಗೆ ಕೊಡುವ ದರಪಟ್ಟಿಯೂ ಗಟ್ಟಿಮುಟ್ಟಾಗಿ ಓಡಾಡುವವರದ್ದೇ. ನಾನು ಕೇಳುತ್ತಿದ್ದುದು ಬೇರೆ. ಅಪ್ಪನಿಗೆ ತಾವಾಗಿ ಸ್ನಾನ ಮಾಡಲು ಆಗದೇ ಹೋದರೆ ತಿಂಗಳಿಗೆ ಎಷ್ಟು? ಅಮ್ಮನಿಗೆ ಮರೆವು ಜಾಸ್ತಿಯಾದರೆ ಎಷ್ಟು?

ಒಂದು ಹಾಳೆಯಲ್ಲಿ ನಾಲ್ಕು ಸಾಲು ಮಾಡಿಕೊಂಡೆ: ಯಾರ ನೆರವೂ ಇಲ್ಲದೆ ಇರುವುದು, ದಿನದ ಕೆಲಸಗಳಿಗೆ ಸಹಾಯ, ಮರೆವಿನ ಕಾಯಿಲೆಯವರ ಆರೈಕೆ, ಹಗಲು ರಾತ್ರಿ ನರ್ಸಿಂಗ್. ಮುಂದೆ ಎರಡು ಕಾಲಂ, ಅಪ್ಪನಿಗೊಂದು, ಅಮ್ಮನಿಗೊಂದು. ಇದನ್ನು ತುಂಬುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಇಬ್ಬರ ಆರೋಗ್ಯವೂ ಒಟ್ಟಿಗೇ ಕುಸಿಯುವುದು ಅಪರೂಪ. ಒಬ್ಬರು ಅದೇ ಸಮುಚ್ಚಯದ ಆರೈಕೆಯ ವಿಭಾಗಕ್ಕೆ ಹೋದರೆ ಇನ್ನೊಬ್ಬರು ಮನೆಯಲ್ಲೇ ಇರುತ್ತಾರೆ. ಆಗ ಮನೆಯ ತಿಂಗಳ ಶುಲ್ಕವೂ ನಿಲ್ಲುವುದಿಲ್ಲ, ಆರೈಕೆಯ ಬಿಲ್ಲೂ ಬರುತ್ತದೆ. ಕೈಯಲ್ಲಿರುವ ಹಣ ಸಾಕಾ ಅಂತ ನೋಡಬೇಕಾದದ್ದು ಈ ಎರಡು ಬಿಲ್ಲಿನ ಕಾಲಕ್ಕೇ.

ಎಷ್ಟು ಸಹಾಯ ಬೇಕು ಅಂತ ಅಳೆಯೋದು ಹೇಗೆ? 1963ರಲ್ಲಿ ಸಿಡ್ನಿ ಕಾಟ್ಜ್ ಎಂಬ ವೈದ್ಯರು ಮತ್ತು ಅವರ ತಂಡ ಆರು ಕೆಲಸಗಳ ಅಳತೆಪಟ್ಟಿಯೊಂದನ್ನು ಪ್ರಕಟಿಸಿದರು. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಾಲಯಕ್ಕೆ ಹೋಗಿಬರುವುದು, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ. ಇವತ್ತಿಗೂ ಆರೈಕೆಯ ಮಟ್ಟ ಗೊತ್ತುಮಾಡಲು ಇಂಥ ಪಟ್ಟಿಯನ್ನೇ ಬಳಸುತ್ತಾರೆ. ಹಾಗಾಗಿ ಎಲ್ಲ ಕಡೆಯೂ ನಾನು ಹೀಗೇ ಕೇಳಿದೆ: ಇದರಲ್ಲಿ ಎಷ್ಟಕ್ಕೆ ಸಹಾಯ ಬೇಕಾದರೆ ದರ ಬದಲಾಗುತ್ತದೆ? ಅದನ್ನು ಅಳೆಯುವವರು ಯಾರು? ಅವರ ಮಾತು ನಮಗೆ ಒಪ್ಪಿಗೆಯಾಗದಿದ್ದರೆ? ನೇರವಾಗಿ ಉತ್ತರ ಕೊಟ್ಟವರ ಮೇಲೆ ನಂಬಿಕೆ ಬಂತು.

ಆಮೇಲೆ ದರ ಏರಿಕೆ. ಆರೈಕೆ ಅಂದರೆ ಮುಖ್ಯವಾಗಿ ಜನರ ದುಡಿಮೆ. ಸಂಬಳ ಏರಿದ ಹಾಗೆ ಶುಲ್ಕವೂ ಏರುತ್ತದೆ. ವರ್ಷಕ್ಕೆ ಶೇ. 6ರಂತೆ ಏರಿದರೆ ಇವತ್ತಿನ 100 ಸುಮಾರು 12 ವರ್ಷಕ್ಕೆ 200 ಆಗುತ್ತದೆ. ಶೇ. 8 ಆದರೆ 9 ವರ್ಷ ಸಾಕು. ಪಿಂಚಣಿ ಆ ವೇಗದಲ್ಲಿ ಏರಲ್ಲ ಅಲ್ವಾ? ಅದಕ್ಕೇ ಹಿಂದಿನ ವರ್ಷಗಳಲ್ಲಿ ನಿಜವಾಗಿ ಎಷ್ಟು ಏರಿಸಿದ್ದಾರೆ ಅಂತ ಬರಹದಲ್ಲಿ ಕೇಳಿ ಪಡೆದೆ. ಬಾಯಿಮಾತಿನ ಅಂದಾಜು ಸಾಲದು.

ಒಪ್ಪಂದವನ್ನು ಪೆನ್ಸಿಲ್ ಹಿಡಿದೇ ಓದಿದೆ. ಹೆಚ್ಚು ಹೊತ್ತು ಹಿಡಿದದ್ದು, ಬೇರೆ ವಿಭಾಗಕ್ಕೆ ಕಳಿಸುವ ಬಗ್ಗೆ ಇದ್ದ ಪುಟ. ‘ಆಡಳಿತದ ತೀರ್ಮಾನವೇ ಅಂತಿಮ’ ಅಂತ ಇದ್ದ ಕಡೆ ಗೆರೆ ಎಳೆದು, ವೈದ್ಯರ ಮತ್ತು ಮನೆಯವರ ಅಭಿಪ್ರಾಯವನ್ನೂ ಕೇಳಬೇಕು ಅಂತ ಸೇರಿಸಲು ಪಟ್ಟು ಹಿಡಿದೆ. ಸೇರಿಸಿದರು. ಆರೈಕೆಯ ವಿಭಾಗದಲ್ಲಿ ಜಾಗ ಖಾಲಿ ಇಲ್ಲದಿದ್ದರೆ ಏನು, ಆಸ್ಪತ್ರೆಯಲ್ಲಿದ್ದ ದಿನಗಳಿಗೂ ಶುಲ್ಕ ಕಟ್ಟಬೇಕಾ, ಠೇವಣಿಯಲ್ಲಿ ಎಷ್ಟು ಯಾವಾಗ ವಾಪಸ್, ಹಣ ಮುಗಿದರೆ ಇರಲು ಬಿಡುತ್ತಾರಾ ಅನ್ನೋದಕ್ಕೂ ಉತ್ತರ ಬರೆಸಿಕೊಂಡೆ. ಸಂಸ್ಥೆಯ ಲೆಕ್ಕಪತ್ರವನ್ನು ಲೆಕ್ಕ ಗೊತ್ತಿರುವ ಸ್ನೇಹಿತರಿಗೆ ತೋರಿಸಿದೆ.

ಇಷ್ಟಾದ ಮೇಲೆ ಅಪ್ಪ ಅಮ್ಮನ ಜೊತೆ ಕೂತು ಮಾತಾಡಿದೆವು. ಅವರ ಪರವಾಗಿ ಹಣ ಮತ್ತು ಚಿಕಿತ್ಸೆಯ ತೀರ್ಮಾನ ಯಾರು ಮಾಡಬೇಕು ಅನ್ನೋ ಪತ್ರಗಳು ನೆನಪು, ತಿಳಿವಳಿಕೆ ಚೆನ್ನಾಗಿರುವಾಗಲೇ ಆಗಬೇಕು. “ನನ್ನನ್ನು ಕೇಳದೆ ಎಲ್ಲಿಗೂ ಕಳಿಸಬೇಡಿ” ಅಂದರು ಅಮ್ಮ. ಅದನ್ನೂ ಅವರ ಮಾತಿನಲ್ಲೇ ಬರೆದಿಟ್ಟೆವು. ಈಗ ವರ್ಷಕ್ಕೊಮ್ಮೆ, ಹೊಸ ದರ ಬಂದ ಕೂಡಲೇ ಮೂವರೂ ಕೂತು ಆ ಹಾಳೆಯ ಅಂಕಿಗಳನ್ನು ತಿದ್ದುತ್ತೇವೆ.