ಹಣ ಕೇಳುವ ಪರದೆ

ಮಹಿಳೆಯರಿಗಾಗಿಯೇ ಇರುವ ವ್ಯಾಯಾಮದ ಆ್ಯಪ್ ಒಂದರಲ್ಲಿ 2022ರಿಂದ ಮೂರು ವರ್ಷ ವಿನ್ಯಾಸಕಿಯಾಗಿದ್ದೆ. ಅಷ್ಟೂ ಕಾಲ ನಾನು ಅತಿ ಹೆಚ್ಚು ಸಲ ಅಳಿಸಿ ಮತ್ತೆ ಬರೆದದ್ದು ಹಣ ಕೇಳುವ ಪರದೆಯನ್ನು.

ನಾನು ಸೇರಿದಾಗ ಆ್ಯಪ್ ತೆರೆದ ಕೂಡಲೇ ವಯಸ್ಸು, ತೂಕ, ಹೆರಿಗೆ, ಮುಟ್ಟಿನ ದಿನ ಎಂದು ಸಾಲು ಸಾಲು ಪ್ರಶ್ನೆಗಳು ಬರುತ್ತಿದ್ದವು. ಆಮೇಲೆ ‘ನಿಮ್ಮ ಯೋಜನೆ ಸಿದ್ಧವಾಗುತ್ತಿದೆ’ ಎಂದು ತಿರುಗುವ ಒಂದು ಚಕ್ರ. ಅದರ ಹಿಂದೆ ಏನೂ ಸಿದ್ಧವಾಗುತ್ತಿರಲಿಲ್ಲ. ಚಕ್ರ ನಿಂತರೆ ವರ್ಷದ ಚಂದಾ, ಮೊದಲೇ ಟಿಕ್ ಹಾಕಿಕೊಂಡು ಕೂತಿರುತ್ತಿತ್ತು. ಮೇಲೆ ರಿಯಾಯಿತಿ ಮುಗಿಯಲು ಹತ್ತು ನಿಮಿಷ ಬಾಕಿ ಎನ್ನುವ ಗಡಿಯಾರ. ಬೇಡ ಎನ್ನುವವರಿಗೆ ಬೂದು ಬಣ್ಣದ ಸಣ್ಣ ಅಕ್ಷರಗಳಲ್ಲಿ ಒಂದು ಸಾಲು: ‘ಬೇಡ, ನನಗೆ ಆರೋಗ್ಯ ಮುಖ್ಯವಲ್ಲ’. ಆ ಸಾಲನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು.

2024ರ ಆರಂಭದಲ್ಲಿ ಬಳಕೆದಾರರ ಮನೆಗಳಿಗೆ ಹೋಗಿ ಕೂತು ನೋಡಲು ಶುರು ಮಾಡಿದೆ. ದಾವಣಗೆರೆಯ ಒಂದು ಮನೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಮೇಲ್ಮಹಡಿಯ ಬಾಡಿಗೆ ಮನೆ ಅದು. ಮಕ್ಕಳನ್ನು ಶಾಲೆಗೆ ಕಳಿಸಿ, ಜಮಖಾನೆ ಹಾಸಿ, ಅಕ್ಕಿ ಡಬ್ಬಿಗೆ ಮೊಬೈಲ್ ಒರಗಿಸಿ ಆಕೆ ನಿಂತರು. ವಿಡಿಯೊದವಳು ನೆಗೆಯಲು ಹೇಳಿದಾಗ ಇವರು ನೆಗೆಯಲಿಲ್ಲ, ನಿಂತಲ್ಲೇ ಹೆಜ್ಜೆ ಹಾಕಿದರು. ಕೆಳಗೆ ಮನೆ ಮಾಲೀಕರಿದ್ದಾರೆ, ಸದ್ದಾದರೆ ಮೇಲೆ ಬರುತ್ತಾರೆ. ಹನ್ನೊಂದನೇ ನಿಮಿಷಕ್ಕೆ ಕುಕ್ಕರ್ ಕೂಗಿತು, ಅಭ್ಯಾಸ ಅಲ್ಲಿಗೆ ನಿಂತಿತು. ನಮ್ಮ ಆ್ಯಪ್ ಅದನ್ನು ‘ಅಪೂರ್ಣ’ ಎಂದು ಕೆಂಪು ಬಣ್ಣದಲ್ಲಿ ಬರೆದುಕೊಂಡಿತು.

ಆಮೇಲೆ ಚಂದಾ ವಿಷಯ ಕೇಳಿದೆ. ಬೆಲೆ ಹೆಚ್ಚಾಯಿತು ಎನ್ನುತ್ತಾರೆ ಎಂದುಕೊಂಡಿದ್ದೆ. ಆಕೆ ಹೇಳಿದ್ದೇ ಬೇರೆ. “ನನ್ನ ಖಾತೆಗೆ ಬರುವುದು ಸೀರೆಗೆ ಕುಚ್ಚು ಕಟ್ಟಿದ ಹಣ, ಗೃಹಲಕ್ಷ್ಮಿಯ ಎರಡು ಸಾವಿರ. ಅದರಲ್ಲೇ ಚೀಟಿ ಕಟ್ಟಬೇಕು ಮೇಡಂ. ಯಾವತ್ತೋ ಒಂದು ದಿನ ತಾನಾಗಿ ಹಣ ಕಡಿತವಾಗಿಬಿಟ್ಟರೆ ಚೀಟಿಯವರಿಗೆ ಏನು ಹೇಳಲಿ? ದೊಡ್ಡ ಮೊತ್ತವಾದರೆ ನಮ್ಮ ಮನೆಯವರು ಸಂಜೆ ಬಂದ ಮೇಲೆ ಅವರ ಫೋನಿನಿಂದಲೇ ಕಟ್ಟಬೇಕು.” ಅವರು ಬರುವುದು ರಾತ್ರಿ ಎಂಟಕ್ಕೆ. ನಮ್ಮ ಗಡಿಯಾರ ಕೊಡುತ್ತಿದ್ದದ್ದು ಹತ್ತು ನಿಮಿಷ.

ತಾನಾಗಿ ಕಡಿತವಾಗುವ ಹಣಕ್ಕೆ 24 ಗಂಟೆ ಮೊದಲು ಸೂಚನೆ ಬರಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್‌ನಿಂದಲೇ ಜಾರಿಯಲ್ಲಿದೆ. ಆದರೆ ಬರುವ ಹತ್ತಾರು ಸಂದೇಶಗಳ ನಡುವೆ ಅದನ್ನು ಹುಡುಕಿ ಓದಿ ತಡೆಯುವ ಹೊಣೆ ಆಕೆಯ ಮೇಲೆ ಬೀಳುವುದು ನನಗೆ ಒಪ್ಪಿತವಾಗಲಿಲ್ಲ. ಆಕೆಗೆ ಚೆನ್ನಾಗಿ ಗೊತ್ತಿದ್ದ ಒಂದು ವ್ಯವಹಾರವಿತ್ತು: ಮೊಬೈಲ್ ರೀಚಾರ್ಜ್. ಹಣ ಇದ್ದಾಗ ಹಾಕಿಸುವುದು, ಮುಗಿದಾಗ ಬೇಕಿದ್ದರೆ ಮತ್ತೆ ಹಾಕಿಸುವುದು. ಗೂಗಲ್ ಪ್ಲೇ 2022ರಲ್ಲೇ ಪ್ರಿಪೇಯ್ಡ್ ಯೋಜನೆಗಳಿಗೆ ಅವಕಾಶ ಮಾಡಿಕೊಟ್ಟಿತ್ತು. ನಾವೇ ಅದರತ್ತ ತಿರುಗಿ ನೋಡಿರಲಿಲ್ಲ.

ವರ್ಷದ ಚಂದಾ ಬದಲು ರೀಚಾರ್ಜ್ ತರೋಣ ಎಂದು ಕಚೇರಿಯಲ್ಲಿ ಒಪ್ಪಿಸುವುದು ಸುಲಭವಾಗಲಿಲ್ಲ. ವರ್ಷದ ಚಂದಾ ಎಂದರೆ ಮುಂಗಡ ಹಣ, ಜಾಹೀರಾತಿಗೆ ಸುರಿದದ್ದು ಬೇಗ ಕೈಸೇರುತ್ತದೆ ಎಂಬ ಹಣಕಾಸಿನವರ ವಾದದಲ್ಲಿ ಹುರುಳಿತ್ತು. ಆಗ ಕೈಹಿಡಿದದ್ದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ. ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ವಿನ್ಯಾಸಗಳ ಪಟ್ಟಿ ಅದರಲ್ಲಿದೆ. ಮುದ್ರಿಸಿಕೊಂಡು ಹೋಗಿ ಸಭೆಯಲ್ಲಿ ಹರಡಿದೆ. ಸುಳ್ಳು ಅವಸರ ಹುಟ್ಟಿಸುವುದು, ಬೇಡ ಎನ್ನುವವರನ್ನು ನಾಚಿಸುವುದು, ಚಂದಾದಲ್ಲಿ ಸಿಕ್ಕಿಸಿಹಾಕುವುದು, ಈ ಮೂರೂ ನಮ್ಮ ಮೂರು ಪರದೆಗಳಲ್ಲಿ ಸಿಕ್ಕವು.

ಗಡಿಯಾರ ಹೋಯಿತು. ನಾಚಿಸುವ ಸಾಲು ಹೋಗಿ ‘ಆಮೇಲೆ ನೋಡುತ್ತೇನೆ’ ಬಂದಿತು, ಹಣ ಕಟ್ಟುವ ಬಟನ್‌ನಷ್ಟೇ ದೊಡ್ಡದಾಗಿ. ಪ್ರಶ್ನೆಗಳನ್ನು ಮೂರಕ್ಕೆ ಇಳಿಸಿದೆ. ಮುಟ್ಟಿನ ಪ್ರಶ್ನೆಯನ್ನು ತಾವಾಗಿ ಹೇಳಬಯಸುವವರಿಗೆ ಬಿಟ್ಟೆ. ಮಗ ಆಟವಾಡುವ ಮೊಬೈಲಿನಲ್ಲಿ ‘ಇಂದು ಮುಟ್ಟಿನ ಎರಡನೇ ದಿನ’ ಎಂಬ ಸೂಚನೆ ಮೂಡುವುದನ್ನು ಒಂದು ಮನೆಯಲ್ಲಿ ಕಣ್ಣಾರೆ ಕಂಡಿದ್ದೆ. ಹಣದ ಮಾತು ನಾಲ್ಕು ಅಭ್ಯಾಸಗಳಾದ ಮೇಲೆ ಮಾತ್ರ. ‘ತಾನಾಗಿ ಹಣ ಕಡಿತವಾಗುವುದಿಲ್ಲ’ ಎಂಬುದನ್ನು ಅಡಿಟಿಪ್ಪಣಿಯಿಂದ ಎತ್ತಿ ಬೆಲೆಯ ಮೇಲೆ ಇಟ್ಟೆ.

ಹನ್ನೊಂದು ನಿಮಿಷಕ್ಕೂ ಲೆಕ್ಕ ಸಿಗುವಂತೆ ಮಾಡಿದೆ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ಪ್ರಮಾಣದ ಚಟುವಟಿಕೆ ಎನ್ನುವ ವಿಶ್ವ ಆರೋಗ್ಯ ಸಂಸ್ಥೆ, ಒಂದೊಂದು ಸಲಕ್ಕೆ ಕನಿಷ್ಠ ಹತ್ತು ನಿಮಿಷವಿರಬೇಕೆಂಬ ಹಳೆಯ ಷರತ್ತನ್ನು 2020ರಲ್ಲೇ ಕೈಬಿಟ್ಟಿದೆ. ಆದ್ದರಿಂದ ಸತತ ದಿನಗಳನ್ನು ಎಣಿಸುತ್ತ, ಒಂದು ದಿನ ತಪ್ಪಿದರೂ ಮುರಿಯುವ ಸರಪಳಿಯನ್ನು ತೆಗೆದು, ವಾರದ ಒಟ್ಟು ನಿಮಿಷಗಳನ್ನು ತೋರಿಸಿದೆವು. ನೆಗೆತವಿಲ್ಲದ ‘ಸದ್ದಿಲ್ಲದ ಅಭ್ಯಾಸ’ಗಳ ಗುಚ್ಛವೊಂದನ್ನು ಸೇರಿಸಿದೆವು. ಮುಂದೆ ರೀಚಾರ್ಜ್ ಮಾಡಿದವರು ಅತಿ ಹೆಚ್ಚು ತೆರೆದದ್ದು ಅದನ್ನೇ.

ಮೊದಲ ತಿಂಗಳುಗಳಲ್ಲಿ ಆದಾಯ ಇಳಿಯಿತು, ನಿದ್ದೆಗೆಟ್ಟೆ. ಹಬ್ಬ, ಮಕ್ಕಳ ಪರೀಕ್ಷೆ ಬಂದಾಗ ಅನೇಕರು ರೀಚಾರ್ಜ್ ಬಿಡುತ್ತಿದ್ದರು. ಆದರೆ ಅವರ ಹಳೆಯ ನಿಮಿಷಗಳನ್ನು ಅಳಿಸದೆ ಇಟ್ಟುಕೊಂಡಿದ್ದರಿಂದ ಬಿಟ್ಟಲ್ಲಿಂದಲೇ ಮುಂದುವರಿಸಲು ಮರಳಿ ಬಂದರು. ಹಿಂದೆ ಚಂದಾ ರದ್ದು ಮಾಡಿದವರು ಆ್ಯಪನ್ನೇ ತೆಗೆದುಹಾಕಿ ಹೋಗುತ್ತಿದ್ದರು.

ದಾವಣಗೆರೆಯ ಆ ಮನೆಯಾಕೆ ಕೆಲವು ತಿಂಗಳ ನಂತರ ಫೋನ್ ಮಾಡಿದರು. ರಾಣೇಬೆನ್ನೂರಿನಲ್ಲಿರುವ ತಂಗಿಗೂ ತಾವೇ ಹಾಕಿಸಬೇಕು, ಬೇರೆಯವರ ನಂಬರಿಗೆ ರೀಚಾರ್ಜ್ ಮಾಡುವುದು ಹೇಗೆ ಎಂದು ಕೇಳಿದರು. ಅದಕ್ಕೆ ನಮ್ಮಲ್ಲಿ ದಾರಿಯೇ ಇರಲಿಲ್ಲ. ಆ ವಾರವೇ ಅದರ ಕೆಲಸ ಹಿಡಿದೆ.